ರೈಟರ ಬೆನ್ನಿಗೆ ಕಚ್ಚಿದ್ದು

ಸರ್ಜರಿ ವಾರ್ಡಿನ ಸಿಸ್ಟರ್ ನಾನು. ಇವತ್ತು ಮುಖ ಬಿಗಿಯಾಗಿಟ್ಕೊಂಡು ಕೆಲಸ ಮಾಡ್ಬೇಕು ಅಂತ ಬಂದ ದಿನವೇ ನಗಿಸುವ ಪೇಷೆಂಟು ಅಡ್ಮಿಟ್ ಆಗಿರ್ತಾರೆ. ಈ ಮಳೆಗಾಲದಲ್ಲಿ ಬಂದವರು ಸುಂಟಿಕೊಪ್ಪ ಕಡೆಯ ಎಸ್ಟೇಟ್ ರೈಟರು. ಆಳುಗಳ ಹಾಜರಿ ಬರೆಯೋ ಕೆಲಸ. ಆಗಬೇಕಿದ್ದದ್ದು ಕರುಳಿನ ದೊಡ್ಡ ಆಪರೇಷನ್.

೧. ಸೂಜಿ ಬೇಡ

"ನೋವು ತಡೆಯೋಕೆ ಬೆನ್ನಿಗೆ ಸೂಜಿನಾ? ಬೇಡ್ವೇ ಬೇಡ. ಕಾಡುಹಂದಿ ತಿವಿದಾಗ್ಲೇ ಅತ್ತೋನಲ್ಲ ನಾನು!"

"ಬೀಡಿ ಸೇದಿ ಎದೆ ತುಂಬ ಕಫ ಇಟ್ಕೊಂಡಿದ್ದೀರಿ. ಆಪರೇಷನ್ ಆದ್ಮೇಲೆ ಕೆಮ್ಮಿ ತೆಗೀದಿದ್ರೆ ನ್ಯುಮೋನಿಯಾ ಆಗ್ತದೆ. ಹೊಟ್ಟೆ ನೋಯ್ತಿದ್ರೆ ಕೆಮ್ಮೋಕಾಗ್ತದಾ?" ಅಂದೆ.

ಅವರ ಹೆಂಡತಿ ಕಣ್ಣೊರೆಸಿಕೊಂಡು, "ಹಾಕಿಸಿ ಸಿಸ್ಟರ್. ಇವರನ್ನೇನು ಕೇಳ್ತೀರಿ?" ಅಂತ ಗದರಿದರು. ರೈಟರು ತೆಪ್ಪಗೆ ಬೆನ್ನು ಕೊಟ್ಟರು. ಹಂದಿ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ ಅಂತ ಕಾಣ್ತದೆ.

೨. ಹಾಜರಿ

ಆಪರೇಷನ್ ಮಾರನೇ ದಿನ ಚಾರ್ಟ್ ಹಿಡಿದು ಕೇಳಿದೆ, "ನೋವು ಹತ್ತಕ್ಕೆ ಎಷ್ಟು?"

"ಆಬ್ಸೆಂಟ್ ಅಂತ ಬರ್ಕೊಳ್ಳಿ."

ಚೆನ್ನಾಗಿ ಕೆಮ್ಮಿದರು, ಕಫವೂ ಬಂತು. ಆಮೇಲೆ ಅನುಮಾನ ಶುರು. "ಸಿಸ್ಟರ್, ನಿಜ ಹೇಳಿ. ಡಾಕ್ಟ್ರು ಹೊಟ್ಟೆ ಕುಯ್ದಿದ್ದಾರೋ, ಮೇಲೆ ಪ್ಲಾಸ್ಟರ್ ಅಂಟಿಸಿ ಕಳಿಸಿದ್ದಾರೋ?"

ಡ್ರೆಸ್ಸಿಂಗ್ ಮಾಡುವಾಗ ಕನ್ನಡಿ ಹಿಡಿಸಿಕೊಂಡು ಹೊಲಿಗೆ ನೋಡಿದ ಮೇಲೇ ನಂಬಿದ್ದು. ಕಣ್ಣಾರೆ ನೋಡದೆ ಯಾರ ಕೆಲಸಕ್ಕೂ ಟಿಕ್ ಹಾಕೋ ಅಭ್ಯಾಸ ಇಲ್ಲವಂತೆ.

೩. ಇಂಬಳ

ತಪ್ಪು ನನ್ನದೇ. ಸೂಜಿ ವಿಷಯ ಹೇಳಿದ್ದೆ. ಸೂಜಿ ತೆಗೆದ ಮೇಲೂ ದಾರದಂಥ ಟ್ಯೂಬೊಂದು ಬೆನ್ನಲ್ಲೇ ಇರ್ತದೆ, ಮೆಷಿನ್ನಿಂದ ಔಷಧಿ ಹೋಗೋದು ಅದರಲ್ಲೇ ಅನ್ನೋದನ್ನ ಹೇಳೋಕೆ ಮರೆತಿದ್ದೆ.

ಮೂರನೇ ದಿನ ಬೆಳಿಗ್ಗೆ ನಾನು ಪಕ್ಕದ ರೂಮಿಗೆ ಹೋಗಿದ್ದಾಗ ರೈಟರು ಬೆನ್ನು ತಡವಿಕೊಂಡಿದ್ದಾರೆ. ತೆಳ್ಳಗೆ, ತಣ್ಣಗೆ ಏನೋ ಅಂಟಿದೆ. ಹೆಂಡತಿಯನ್ನ ಕರೆದು ತೋರಿಸಿದ್ದಾರೆ.

"ಇಂಬಳ ಕಣೇ!"

"ನೋಯ್ತಿದ್ಯಾ?"

"ಒಂಚೂರೂ ಇಲ್ಲ."

"ಹಂಗಾದ್ರೆ ಇಂಬಳವೇ!"

ಮಳೆಗಾಲದ ತೋಟದಲ್ಲಿ, ನೋವೇ ಗೊತ್ತಾಗದಂತೆ ಕಚ್ಚೋ ಈ ಜಿಗಣೆಗಳ ನಡುವೆ ಬದುಕಿದವರು, ಕೇಳಬೇಕೇ? ಗಂಜಿಗೆ ತಂದ ಉಪ್ಪು ಸುರಿದಿದ್ದಾರೆ. ಉದುರಲಿಲ್ಲ. ಪ್ಲಾಸ್ಟರ್ ಕಿತ್ತು ಎಳೆದೇ ಬಿಟ್ಟಿದ್ದಾರೆ.

ನಾನು ಬಂದಾಗ ಅವರ ಹೆಂಡತಿ ಅದನ್ನ ಎತ್ತಿ ಹಿಡಿದಿದ್ದರು. "ಎಂಥಾ ಉದ್ದ ನೋಡಿ ಸಿಸ್ಟರ್! ಬಾಲ ನಿಮ್ಮ ಮೆಷಿನ್ನಿಗೆ ಸುತ್ಕೊಂಡಿದೆ!"

ಡಾಕ್ಟರನ್ನ ಕೂಗಿದೆ. ತುದಿ ಒಳಗೇ ಮುರಿದಿದ್ರೆ? ಡಾಕ್ಟರು ಓಡಿ ಬಂದರು. ಪುಣ್ಯಕ್ಕೆ ಟ್ಯೂಬು ಪೂರ್ತಿ ಬಂದಿತ್ತು. "ನೋವು ಶುರುವಾದ್ರೆ ಹೇಳಿ, ಬೇರೆ ಇಂಜೆಕ್ಷನ್ ಕೊಡ್ತೇವೆ," ಅಂದರು.

ರೈಟರು ಮೀಸೆ ತಿರುವಿ ಮತ್ತೆ ಹಂದಿ ಕಥೆ ಶುರು ಮಾಡಿದರು.

ಎರಡು ಗಂಟೆ ಕಳೆದು ಒಂದು ಸಲ ಕೆಮ್ಮಿದರು. ಕಫವೇನೋ ಬಂತು, ಹಿಂದೆಯೇ ನೋವೂ ಬಂತು. ಮುಖ ಹುಳ್ಳಗಾಯಿತು. ನಾನು ಇಂಜೆಕ್ಷನ್ ತಗೊಂಡು ಹೋಗಿ, "ನೋವು?" ಅಂದೆ.

"ಪ್ರೆಸೆಂಟ್ ಸಿಸ್ಟರ್! ನಿಮ್ಮ ದಮ್ಮಯ್ಯ, ಆ ಇಂಬಳನ ವಾಪಸ್ ಕಚ್ಚಿಸಿ!"