ಅಕ್ಕನ ಪಾಲಿನ ಸಮುದ್ರ

ನೆನಪನ್ನು ಸುಲಭವಾಗಿ ನಂಬಬಾರದೆಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅಷ್ಟೂ ಕಾಲ ಹೇಳಿದ್ದು ಬೇರೆಯವರ ನೆನಪಿನ ಬಗ್ಗೆ ಎಂಬುದು ಹಡಗಿನ ಪ್ರವಾಸದ ಕೊನೆಯ ದಿನ ಗೊತ್ತಾಯಿತು.

ಮದುವೆ ಮುಗಿದ ಮರುದಿನದ ಛತ್ರದಂತೆ ಹಡಗು ಬಿಕೋ ಎನ್ನುತ್ತಿತ್ತು. ಬಾಗಿಲುಗಳ ಮುಂದೆ ಸೂಟ್‌ಕೇಸುಗಳು ಮಂಕಾಗಿ ನಿಂತಿದ್ದವು. ಮುಂಬೈ ಹತ್ತಿರವಾಗಿ ಫೋನಿಗೆ ಜೀವ ಬಂದದ್ದೇ ಅರಿಶಿನಕುಂಟೆಯ ಅಕ್ಕನೊಡನೆ ಮಾತಾಡಿದೆ. ಸೊಂಟ ಮುರಿದು ಹಾಸಿಗೆ ಹಿಡಿದಿರುವ ಅವಳು ಸಮುದ್ರ ಕಂಡವಳಲ್ಲ. ಹೊರಡುವಾಗ ನನ್ನಿಂದ ಕೇಳಿದ್ದು ಒಂದು ಬಾಟಲಿ ಸಮುದ್ರದ ನೀರು. ಅಮಾವಾಸ್ಯೆಯ ದಿನ ತಲೆಗೆ ಹಾಕಿಸಿಕೊಂಡು ಸಮುದ್ರಸ್ನಾನದ ಆಸೆ ತೀರಿಸಿಕೊಳ್ಳಬೇಕಂತೆ. ಆಗ ಅವಳಿಗೆ ಮೂಢನಂಬಿಕೆಯ ಮೇಲೆ ಉಪನ್ಯಾಸ ಕೊಟ್ಟಿದ್ದೆ. ಈಗ ಫೋನಿನಲ್ಲಿ, ಹಡಗು ದ್ವೀಪವೊಂದರ ಬಳಿ ನಿಂತ ದಿನ ಮೊಣಕಾಲುದ್ದ ನೀರಿಗಿಳಿದದ್ದು, ಅಲೆ ಬಂದು ಪ್ಯಾಂಟು ಒದ್ದೆಯಾದದ್ದು, ಆದರೂ ಬಾಟಲಿ ತುಂಬಿಸಿಯೇ ತೀರಿದ್ದು, ಎಲ್ಲವನ್ನೂ ವರ್ಣಿಸಿದೆ.

ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ರತ್ನ, ಚೀಲದಿಂದ ಬಾಟಲಿ ತೆಗೆದು ತಲೆಕೆಳಗು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ.

“ಅವತ್ತು ನೀವು ಹಡಗಿಂದ ಇಳೀಲೇ ಇಲ್ಲ. ಹೊಟ್ಟೆ ಕೆಟ್ಟು ಮಲಗಿದ್ರಿ. ಪ್ಯಾಂಟು ನೆನೆಸ್ಕೊಂಡಿದ್ದು ಆ ದೇವನಹಳ್ಳಿಯವ್ರು.”

ದೇವನಹಳ್ಳಿಯವರು ನಮ್ಮ ಊಟದ ಮೇಜಿನ ಜೊತೆಗಾರರು. ಅದೇ ಕಥೆಯನ್ನು ದಿನವೂ ಬಡಿಸುತ್ತಿದ್ದರು. ಅದು ಯಾವಾಗ ನನ್ನದಾಯಿತೋ ತಿಳಿಯದು. ಕಾಲ್ಬೆರಳ ಸಂದಿಯ ಮರಳು ನನಗೆ ಈಗಲೂ ನೆನಪಿದೆ. ಇನ್ನೇನೇನು ನನ್ನದಲ್ಲವೋ ಎಂದು ದಿಗಿಲಾಗಿ, ನಮ್ಮ ಮದುವೆಯಾದರೂ ನಿಜವೇ ಎಂದು ವಿಚಾರಿಸಿದೆ. ಅದಕ್ಕೆ ತಾನೇ ಸಾಕ್ಷಿ, ಅನುಭವಿಸುತ್ತಿದ್ದೇನೆ ಎಂದಳು.

ರೇಲಿಂಗಿನ ಬಳಿಗೆ ಓಡಿದೆ. ನಮ್ಮ ಹೊಸಕೋಟೆ ಕಡೆ ಸಾವಿರ ಅಡಿ ಕೊರೆದರೂ ಸಿಗದ ನೀರು, ಇಲ್ಲಿ ಕಣ್ಣು ಹಾಯುವವರೆಗೂ ಬಿದ್ದಿತ್ತು, ಹತ್ತು ಮಹಡಿ ಕೆಳಗೆ. ಹಡಗಿಳಿದರೆ ಎಣ್ಣೆ ತೇಲುವ ಬಂದರು, ಕಾದು ನಿಂತ ಟ್ಯಾಕ್ಸಿ, ನೇರ ವಿಮಾನ. ಇದ್ದದ್ದು ಹೇಳಿಬಿಡೋಣವೆಂದು ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

“ಬೀದಿಗೆಲ್ಲಾ ಹೇಳ್ಬಿಟ್ಟೆ ಕಣೋ. ದೇವ್ರಿಲ್ಲ ಅನ್ನೋ ನನ್ ತಮ್ಮ ನನಗೋಸ್ಕರ ಸಮುದ್ರಕ್ಕೆ ಇಳಿದ ಅಂತ.”

ಜೋಪಾನವಾಗಿ ತರುತ್ತೇನೆಂದು ಹೇಳಿ ಫೋನ್ ಇಟ್ಟೆ.

ರತ್ನ ಬಾಟಲಿಗೆ ಕುಡಿಯುವ ನೀರು ತುಂಬಿ, ತಿಂಡಿಯ ಜೊತೆ ಕೊಟ್ಟಿದ್ದ ಉಪ್ಪಿನ ಪೊಟ್ಟಣಗಳನ್ನು ನನ್ನ ಮುಂದಿಟ್ಟಳು. ಇದು ಮೋಸವಲ್ಲವೇ ಎಂದೆ.

“ನಂಬದೇ ಇರೋ ನಿಮಗೆ ಏನ್ರೀ ಮೋಸ?”

ಒಂದೊಂದೇ ಪೊಟ್ಟಣ ಹರಿದು ಸುರಿದು ಕುಲುಕಿದೆ. ಸಮುದ್ರದಷ್ಟು ಉಪ್ಪಾಯಿತೇ ಎಂದು ನೋಡಲು ಬಾಟಲಿಯನ್ನು ತುಟಿಯವರೆಗೆ ತಂದವನು ಅಲ್ಲೇ ತಡೆದುಕೊಂಡೆ. ಅಕ್ಕ ತಲೆಗೆ ಹಾಕಿಸಿಕೊಳ್ಳುವ ನೀರು, ಎಂಜಲಾಗಿಬಿಡುತ್ತದೆ.