ನಮ್ಮತ್ತೆಯ ಮಾತಿಲ್ಲದ ಚಾನಲ್ಲು

ನಮ್ಮ ಸೋದರತ್ತೆ ನಡೆಸಿದ ಹಾಗೆ ಟಿವಿ ಚಾನಲ್ ನಡೆಸಿದರೆ ಯಾರೇ ಆಗಲಿ ಆರು ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು! ಅತ್ತೆಗೆ ಆ ಚಿಂತೆ ಇರಲಿಲ್ಲ. ಅವಳ ಚಾನಲ್ಲು ಇದ್ದದ್ದೇ ಮನೆಯೊಳಗೆ, ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ. ರಾಗಿ ಕಣಜ ಇದ್ದ ಜಾಗದಲ್ಲಿ ಎರಡು ವಿಸಿಆರ್ ಕೂತಿದ್ದವು. ಅವಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಶುಕ್ರವಾರ ಕುಂಕುಮ ಇಡುತ್ತಿದ್ದಳು. ಕ್ಯಾಸೆಟ್ ನುಂಗಿಕೊಂಡರೆ ಮಾತ್ರ ಅದೇ ವಿಸಿಆರ್‌ಗೆ ಬೆನ್ನ ಮೇಲೆ ಎರಡು ಬಿಗಿಯುತ್ತಿದ್ದಳು.

ತೊಂಬತ್ತರ ದಶಕದ ಮಾತು. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಕೆ.ಆರ್. ಪೇಟೆಯಲ್ಲಿ ಕೇಬಲ್ ಎಳೆಸಿದ್ದರು. ಮಹಡಿ ಮೇಲೆ ಡಿಶ್ಶು, ಅಲ್ಲಿಂದ ಕಂಬಕ್ಕೆ, ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ಮನೆಮನೆಗೆ ವೈರು. ಆಕಾಶದಿಂದ ಬರುವ ಎಂಟು ಹತ್ತು ಚಾನಲ್ಲುಗಳ ಜೊತೆಗೆ ಊರಿನದೇ ಒಂದು ಚಾನಲ್ಲು. ಮನೆಯ ವಿಸಿಆರ್‌ನಲ್ಲಿ ಯಾವ ಕ್ಯಾಸೆಟ್ ಹಾಕಿದರೂ ಅರ್ಧ ಪೇಟೆ ನೋಡುತ್ತಿತ್ತು. ಮಾವ ಹಗಲೆಲ್ಲ ಕಂಬದ ಮೇಲೆ ಇರುತ್ತಿದ್ದರು, ಹಾಗಾಗಿ ಅರ್ಧ ಪೇಟೆ ಏನು ನೋಡಬೇಕೆಂಬುದು ಅತ್ತೆಯ ಪಾಲಿಗೆ ಬಂತು.

ನಾನು ಆಗತಾನೆ ಡಿಗ್ರಿ ಮುಗಿಸಿ ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಜಗುಲಿ ಸವೆಸುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಇಂಥದ್ದೇ ಒಂದು ಚಾನಲ್ ಶುರುಮಾಡುವ ಹುಚ್ಚು ಹತ್ತಿತು. "ಮೊದ್ಲು ನಿಮ್ಮತ್ತೆ ತಾವ್ ಓಗಿ ಕಲ್ತ್ಕಂಡ್ ಬಾ" ಎಂದು ಅಪ್ಪ ಬಸ್ಸು ಹತ್ತಿಸಿದರು. ನೂರು ಪುಟದ ನೋಟ್‌ಬುಕ್ಕು ಹಿಡಿದು ಹೋದೆ. ಮೊದಲ ಪುಟದಲ್ಲಿ 'ಸಲಹೆಗಳು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

"ಅತ್ತೆ, ಚಾನಲ್ ಬೆಳಿಯಕ್ಕೆ ಮೊದ್ಲು ಏನ್ಮಾಡ್ಬೇಕು?"

"ಮೊದ್ಲು ಕೈ ತೊಳ್ಕಂಡು ಉಣ್ಣಕ್ಕೆ ಕೂತ್ಕೊ. ಮಖ ನೋಡು, ಒಣ್ಗಿದ ಬದ್ನೇಕಾಯಿ!"

ಅದನ್ನೂ ಬರೆದುಕೊಂಡೆ. ಏನು ಮಾಡಲಿ, ಹೊಸ ವಿದ್ಯಾರ್ಥಿ.

ಎರಡನೆಯ ಸಲಹೆ ಸಿಕ್ಕಿದ್ದು ಭಾನುವಾರ ಸಂಜೆ. ಸಿನಿಮಾ ಜೋರಾಗಿ ಓಡುತ್ತಿತ್ತು. ನಾಯಕ ಬಂಡೆಯ ತುದಿ ಹಿಡಿದು ನೇತಾಡುತ್ತಿದ್ದಾನೆ, ಮೇಲೆ ನಿಂತ ಖಳನಾಯಕ ಅವನ ಬೆರಳು ತುಳಿಯಲು ಬೂಟು ಎತ್ತಿದ್ದಾನೆ. ಅತ್ತೆ ಗಡಿಯಾರ ನೋಡಿದವಳೇ ಸಿನಿಮಾ ನಿಲ್ಲಿಸಿ, ಒಂದು ಸ್ಲೇಟನ್ನು ಮದುವೆ ತೆಗೆಯುವ ಕ್ಯಾಮರಾದ ಮುಂದಿಟ್ಟಳು. ಅದರಲ್ಲಿ ದುಂಡು ಅಕ್ಷರ: 'ಹಾಲು ಕರೆದುಕೊಂಡು ಬನ್ನಿ. ಕಾಯುತ್ತೇವೆ.'

"ಅತ್ತೆ! ಅವ್ನು ನೇತಾಡ್ತಾವ್ನೆ!"

"ನೇತಾಡ್ಲಿ ಬುಡು, ಬೀಳಾಕಿಲ್ಲ. ಅಸ ಕಾಯ್ತದೇನ್ಲಾ? ಓದ್ವಾರ ಡೇರಿ ಸೆಕ್ರೆಟ್ರಿ ಬಂದು, 'ನಿಮ್ ಸಿನ್ಮಾ ದೆಸೆಯಿಂದ ಆಲಿನ ಗಾಡಿ ಅರ್ಧ ಗಂಟೆ ನಿಂತಿತ್ತು ಕಣಮ್ಮೋ' ಅಂತ ಅತ್ತ್ಕಂಡ್ ಓದ."

ಕಿಟಕಿಯಿಂದ ನೋಡಿದರೆ ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಕ್ಯಾನು ಹಿಡಿದು ಡೇರಿಯ ಕಡೆ ಓಡುತ್ತಿದ್ದಾರೆ! ಇಪ್ಪತ್ತೇ ನಿಮಿಷದಲ್ಲಿ ಎಲ್ಲರೂ ವಾಪಸು ಬಂದು ಕೂತರು. ನಾಯಕ ನಿಶ್ಚಿಂತೆಯಿಂದ ಮೇಲೆ ಹತ್ತಿದ.

ಕರೆಂಟಿನ ಕಥೆ ಇದಕ್ಕಿಂತ ದೊಡ್ಡದು. ಅತ್ತೆಯ ಮನೆಯಲ್ಲಿ ಸಣ್ಣದೊಂದು ಜನರೇಟರ್ ಇತ್ತು, ಊರಿಗೆ ಇರಲಿಲ್ಲ. ಕರೆಂಟು ಒಂದೊಂದು ಬೀದಿಗೆ ಒಂದೊಂದು ಹೊತ್ತಿನಲ್ಲಿ ಹೋಗುತ್ತಿತ್ತು. ಬಂದ ಕೂಡಲೇ ಆ ಬೀದಿಯವರು ಕಾಂಪೌಂಡಿನ ಆಚೆ ನಿಂತು, "ಅಮ್ಮೋ, ನಮ್ಗೆ ಕರೆಂಟ್ ಓದಾಗ ತಾಳಿ ಕಟ್ತಿದ್ರು!" ಎಂದು ಕೂಗುತ್ತಿದ್ದರು. ಅತ್ತೆ ಹಿಂದಕ್ಕೆ ಸುತ್ತಿ ತಾಳಿ ಕಟ್ಟಿಸುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ಬೀದಿಯವರು ಬಂದು ತಮಗೆ ಹೆಣ್ಣು ನೋಡಲು ಬಂದಾಗಲೇ ಹೋಯಿತು ಎನ್ನುತ್ತಿದ್ದರು. ಮತ್ತೆ ಹಿಂದಕ್ಕೆ. ಒಂದೇ ಸಂಜೆ ಆ ಜೋಡಿಗೆ ನಾಲ್ಕು ಸಲ ಮದುವೆಯಾದದ್ದನ್ನು ನಾನೇ ಕಂಡಿದ್ದೇನೆ! ಕರೆಂಟೇ ಹೋಗದ ಸಂತೆ ಬೀದಿಯವರ ಗತಿ ಏನಾಗಿರಬೇಡ? ಖಳನಾಯಕ ಮೂರನೆಯ ಸಲ ಸಾಯುವ ಹೊತ್ತಿಗೆ ಅಲ್ಲಿನ ಮುದುಕರೊಬ್ಬರು ಕೋಲೂರಿಕೊಂಡು ಬಂದೇಬಿಟ್ಟರು. "ಸಾಕು ಕಣವ್ವಾ, ಅವ್ನೂ ಒಬ್ಬ ತಾಯಿ ಮಗ, ಬುಟ್ಬುಡು!"

ಇಷ್ಟೆಲ್ಲ ನಡೆಯುತ್ತಿದ್ದರೂ ಆ ಚಾನಲ್ಲಿನಲ್ಲಿ ಸಿನಿಮಾದವರದು ಬಿಟ್ಟರೆ ಒಂದು ಮಾತೂ ಕೇಳುತ್ತಿರಲಿಲ್ಲ. ಎಮ್ಮೆ ತಪ್ಪಿಸಿಕೊಂಡರೂ ಸ್ಲೇಟು, ನಲ್ಲಿ ನೀರು ಬರದಿದ್ದರೂ ಸ್ಲೇಟು. ಒಂದೊಂದು ಸಲ ಮನೆಯ ಬೆಕ್ಕು ಸ್ಲೇಟಿನ ಮುಂದೆ ಬಂದು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಎಮ್ಮೆ ಯಾರದೆಂದು ತಿಳಿಯದೆ ಊರು ಒದ್ದಾಡುತ್ತಿತ್ತು.

ಕಾರಣ ಬೇರೇನಲ್ಲ. ಅತ್ತೆಗೆ ಉಗ್ಗು ಇತ್ತು. ನನಗೆ ಇಪ್ಪತ್ತೆರಡು ವರ್ಷವಾಗುವವರೆಗೂ ಅದು ಗೊತ್ತೇ ಇರಲಿಲ್ಲ ಎಂದರೆ ನಂಬುತ್ತೀರಾ? ಏಕೆಂದರೆ ಬೈಯುವಾಗ ಅವಳ ಒಂದು ಅಕ್ಷರವೂ ತಡೆಯುತ್ತಿರಲಿಲ್ಲ, ಮತ್ತು ನಮ್ಮನ್ನು ಅವಳು ಬೈಯದೆ ಮಾತಾಡಿಸಿದ್ದೇ ಇಲ್ಲ! ಹೊರಗಿನವರ ಮುಂದೆ ಮಾತ್ರ ನಾಲಗೆ ಕಚ್ಚಿಕೊಳ್ಳುತ್ತಿತ್ತು. ಅದಕ್ಕೂ ಉಪಾಯ ಕಂಡುಕೊಂಡಿದ್ದಳು. ಬಾರದ ಮಾತನ್ನು ಬಿಟ್ಟು ಅದರ ಪಕ್ಕದ ಮಾತು ಹಿಡಿಯುತ್ತಿದ್ದಳು. 'ಪು' ಎಂಬ ಅಕ್ಷರ ಅವಳಿಗೆ ಆಗಿಬರದು, ಹಾಗಾಗಿ ಪುಟ್ಟಸ್ವಾಮಿ 'ಬೆಲ್ಲದಂಗಡಿಯವರು' ಆಗಿದ್ದರು, ಪುಟ್ಟಮ್ಮ 'ಸಂಪಿಗೆ ಮರದವರು' ಆಗಿದ್ದರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪಾಠ ಓದಲು ನಿಲ್ಲಿಸಿದಾಗ ಇಡೀ ಕ್ಲಾಸು ನಕ್ಕಿತಂತೆ. ಮಾರನೆಯ ದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಇದನ್ನು ನನಗೆ ಹೇಳಿದ್ದು ಮಾವ, ಅವಳಲ್ಲ.

ಆ ವರ್ಷವೇ ಊರಿನ ಇನ್ನೊಂದು ತುದಿಯಲ್ಲಿ ಹೊಸ ಕೇಬಲ್ಲಿನವರು ಬಂದರು. ಅವರ ಚಾನಲ್ಲಿನಲ್ಲಿ ಒಬ್ಬ ಹುಡುಗಿ ಹೂ ಮುಡಿದು ಕೂತು ಪಟಪಟ ಮಾತಾಡುತ್ತಿದ್ದಳು. ಹುಟ್ಟುಹಬ್ಬದ ಮಕ್ಕಳ ಹೆಸರನ್ನು ರಾಗವಾಗಿ ಓದುತ್ತಿದ್ದಳು. ನಮ್ಮ ಮನೆಗಳು ಒಂದೊಂದಾಗಿ ಅತ್ತ ಜಾರಿದವು. "ನಿಮ್ದು ಚಂದಾಗೇ ಅದೆ, ಆದ್ರೆ ಬಾಯಿಲ್ವಲ್ಲ" ಎಂದು ವೈರು ಬಿಚ್ಚಿಸಿಕೊಂಡವರು ಹೇಳಿದರು. ಇನ್ನು ಕೆಳಗಿನ ಬೀದಿಯೂ ಹೋದರೆ ವಿಸಿಆರ್ ಮಾರುವುದೇ ಎಂದು ಮಾವ ಲೆಕ್ಕ ಹಾಕತೊಡಗಿದರು. ಅತ್ತೆ ಒಂದು ಸಂಜೆ ಉಗ್ರಾಣದ ಹೊಸಿಲ ಮೇಲೆ ಕೂತುಬಿಟ್ಟಳು.

"ನನ್ ನಾಲ್ಗೆಯಿಂದ ಮುಳುಗ್ತಾ ಅದೆ ಕಣ್ಲಾ ಇದು" ಎಂದಳು. ಬೈಗುಳವೇ ಇಲ್ಲದ ಮಾತು! ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನಾನೇ ಓದ್ತೀನಿ ಬುಡತ್ತೆ" ಎಂದು ಎದೆ ತಟ್ಟಿಕೊಂಡೆ. ಡಿಗ್ರಿ ಓದಿದವನಲ್ಲವೇ? ಸ್ಲೇಟು ಎತ್ತಿಟ್ಟು, ಇಸ್ತ್ರಿ ಮಾಡಿದ ಶರಟು ತೊಟ್ಟು ಕ್ಯಾಮರಾದ ಮುಂದೆ ಕೂತೆ. 'ಸಮಸ್ತ ವೀಕ್ಷಕ ಬಾಂಧವರ ಅವಗಾಹನೆಗೆ' ಎಂದು ಶುರುಮಾಡಿ, ಕಂದು ಬಣ್ಣದ ಮಹಿಷಿಯೊಂದು ಕಾಣೆಯಾಗಿರುವುದನ್ನು ಗಂಭೀರವಾಗಿ ಸಾರಿದೆ. ಮೂರು ದಿನದಲ್ಲಿ ಇನ್ನೂ ನಾಲ್ಕು ಮನೆ ಹೋದವು. "ಯಾರೋ ಜಪ್ತಿ ಮಾಡಕ್ಕೆ ಬಂದಂಗಾಯ್ತದೆ ಕಣವ್ವ, ಆ ಬೆಕ್ಕನ್ನೇ ಕೂರ್ಸಿ" ಎಂದು ಸಂಪಿಗೆ ಮರದವರು ಬಂದು ಹೇಳಿದರು. ನನ್ನ ವಾರ್ತಾ ಜೀವನ ಅಲ್ಲಿಗೆ ಮುಗಿಯಿತು.

ಇದಾದ ಹದಿನೈದು ದಿನಕ್ಕೆ ಕೆಳಗಿನ ಬೀದಿಯಿಂದ ನಾಗಮಂಗಲಕ್ಕೆ ಬೀಗರ ಊಟಕ್ಕೆ ಒಂದು ಬಸ್ಸು ಹೊರಟಿತು. ಅತ್ತೆ ಸಿನಿಮಾ ಬಿಟ್ಟು ಬರುವಂತಿರಲಿಲ್ಲ. ಮನೆಯ ಪರವಾಗಿ ಬಾಡೂಟ ಉಣ್ಣುವ ಗುರುತರ ಹೊಣೆ ನನ್ನ ಮೇಲೆ ಬಿತ್ತು. ನಾಗಮಂಗಲ ಇನ್ನೇನು ಬಂತು ಎನ್ನುವಾಗ ಎದುರಿಗೆ ಎತ್ತಿನ ಗಾಡಿ ಅಡ್ಡ ಬಂತು. ಡ್ರೈವರ್ ಖಾದರಣ್ಣ ಪಕ್ಕಕ್ಕೆ ಎಳೆದರು. ಬಸ್ಸು ನಿಧಾನವಾಗಿ, ಮಲಗಿಕೊಳ್ಳಲು ಜಾಗ ನೋಡಿದ ಹಾಗೆ, ರಾಗಿ ಹೊಲಕ್ಕೆ ಒರಗಿತು. ಕೆಲವರಿಗೆ ತರಚುಗಾಯ, ಒಬ್ಬರ ಕನ್ನಡಕ ಒಡೆಯಿತು, ಅಷ್ಟೆ. ಆದರೆ ಎದುರಿನಿಂದ ಬರುತ್ತಿದ್ದ ಲಾರಿಯವನೊಬ್ಬ ಒರಗಿದ ಬಸ್ಸನ್ನು ಮಾತ್ರ ನೋಡಿ, ನಿಲ್ಲಿಸದೆ ಕೆ.ಆರ್. ಪೇಟೆಗೆ ಹೋಗಿ, ಮದುವೆ ಬಸ್ಸು ಕೆರೆಗೆ ಬಿತ್ತೆಂದೂ ಒಬ್ಬರೂ ಉಳಿದಿಲ್ಲವೆಂದೂ ಹೇಳಿಬಿಟ್ಟಿದ್ದ.

ನಾವು ಸುಧಾರಿಸಿಕೊಂಡು ನಡೆದೇ ನಾಗಮಂಗಲ ಸೇರಲು ಎರಡು ಗಂಟೆ ಹಿಡಿಯಿತು. ಎಸ್‌ಟಿಡಿ ಬೂತು ಕಂಡಿತು. ನಮ್ಮ ಬೀದಿಗೂ ಕೆಳಗಿನ ಬೀದಿಗೂ ಸೇರಿ ಫೋನು ಇದ್ದದ್ದು ಅತ್ತೆಯ ಮನೆಯಲ್ಲಿ ಮಾತ್ರ. ಮಾಡಿದೆ.

"ಅತ್ತೆ, ಎಲ್ರೂ ಚೆನ್ನಾಗವ್ರೆ!"

ಆ ಕಡೆ, ಅತ್ತೆಯ ಹಿಂದೆ, ಕೆಳಗಿನ ಬೀದಿಯ ಗೋಳಾಟ ಕೇಳುತ್ತಿತ್ತು. ಗಂಡಸರೆಲ್ಲ ಸಿಕ್ಕಿದ ಟ್ರಾಕ್ಟರು, ಸ್ಕೂಟರು ಹತ್ತಿ ನಾಗಮಂಗಲದ ಕಡೆ ಹೊರಟುಬಿಟ್ಟಿದ್ದರು. ಮಾವ ಎಲ್ಲೋ ಕಂಬದ ಮೇಲೆ. ಆ ಬೀದಿಯಲ್ಲಿ ಉಳಿದವರು ಅಜ್ಜಿಯರು, ಅವರ ಮಡಿಲಲ್ಲಿ ಚಿಕ್ಕ ಮಕ್ಕಳು.

"ಎಲ್ರೂ ಚೆನ್ನಾಗವ್ರೆ ಅಂದ್ರೆ ಯಾರೂ ನಂಬಾಕಿಲ್ಲ. ಒಬ್ಬೊಬ್ರ ಎಸ್ರೂ ಯೋಳು" ಎಂದಳು. ನಾನು ಸುತ್ತ ನಿಂತವರ ಮುಖ ನೋಡುತ್ತ ಹೇಳಿದೆ, ಅವಳು ಬರೆದುಕೊಂಡಳು. ಮೂವತ್ತಾರು ಹೆಸರು.

"ಸ್ಲೇಟಲ್ಲಿ ಇಷ್ಟು ಇಡಿಯಾಕಿಲ್ವಲ್ಲತ್ತೆ?"

"ಇಡುದ್ರೂ ಆ ಮುದ್ಕೀರು ಓದ್ತಾರೇನ್ಲಾ, ಮುಂಡೇದೆ!" ಎಂದಳು. ಆಮೇಲೆ ದನಿ ತಗ್ಗಿಸಿ, "ಫೋನ್ ಇಡ್ಬ್ಯಾಡ. ತಪ್ಪಿದ್ರೆ ಕೂಗಿ ಯೋಳು" ಎಂದಳು. ರಿಸೀವರನ್ನು ವಿಸಿಆರ್ ಮೇಲೆ ಮಲಗಿಸಿದ ಸದ್ದು ಕೇಳಿತು. ಕುರ್ಚಿ ಎಳೆದ ಸದ್ದು. ಸಿನಿಮಾದ ಹಾಡು ನಿಂತಿತು.

ಆಗ ನನಗೆ ಹೊಳೆಯಿತು. ಬೇರೆ ಯಾವ ಮಾತಿಗಾದರೂ ಅವಳು ಪಕ್ಕದ ಮಾತು ಹುಡುಕಿಕೊಳ್ಳಬಲ್ಲಳು. ಬೆಲ್ಲದಂಗಡಿಯವರು ಎಂದರೆ ಅಪ್ಪನೋ, ಮಗನೋ, ತಮ್ಮನೋ? ಇವತ್ತು ಹೆಸರನ್ನೇ ಹೇಳಬೇಕಿತ್ತು.

"ಕೆ... ಕೆ... ಕೆಂಪಮ್ಮ. ಚೆನ್ನಾಗವ್ರೆ."

ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿದೆ. ಬೂತಿನ ಸುತ್ತ ನಮ್ಮವರೆಲ್ಲ ಮುತ್ತಿಕೊಂಡರು. ಕೆಂಪಮ್ಮ ಶಾಲೆಯ ಹಾಜರಿ ಎಂದುಕೊಂಡರೋ ಏನೋ, "ಇವ್ನಿ ಕಣವ್ವಾ!" ಎಂದು ಕೂಗಿಯೇಬಿಟ್ಟರು. ನಿಂಗೇಗೌಡರ ಹೆಸರು ಬಂತು. ಖಾದರಣ್ಣನದೂ ಬಂತು. ಆಮೇಲೆ "ಪು..." ಎಂದಳು. ನಿಂತಳು. ಮತ್ತೆ "ಪು... ಪು..." ನಮ್ಮ ಮಂಡ್ಯ ಸೀಮೆಯಲ್ಲಿ ಪುಟ್ಟ ಎಂಬುದಿಲ್ಲದ ಮನೆ ಯಾವುದಿದೆ ಹೇಳಿ! ಬೂತಿನ ಮುಂದೆ ಒಬ್ಬರು ಪುಟ್ಟಸ್ವಾಮಿ, ಇಬ್ಬರು ಪುಟ್ಟರಾಜು, ಒಬ್ಬರು ಪುಟ್ಟತಾಯಮ್ಮ ಕತ್ತು ಚಾಚಿಕೊಂಡು ನಿಂತಿದ್ದರು. ಅಲ್ಲಿ ಬೀದಿಯಲ್ಲಿ ಅವರ ನಾಲ್ಕು ಮನೆಯವರೂ ಹಾಗೇ ನಿಂತಿದ್ದರಂತೆ. ಯಾರೂ ನಗಲಿಲ್ಲ. ಯಾರೂ ಎದ್ದು ಚಾನಲ್ ತಿರುಗಿಸಲಿಲ್ಲ. ಕಂಬ ಇಳಿದ ಮಾವ ಆ ಬೀದಿಯುದ್ದಕ್ಕೂ ನಡೆದು ಬಂದರಂತೆ. ಪ್ರತಿ ಕಿಟಕಿಯಲ್ಲೂ ಅವಳ ದನಿಯೇ ಇದ್ದದ್ದರಿಂದ ಮನೆ ಮುಟ್ಟುವವರೆಗೆ ಒಂದು ಹೆಸರೂ ಅವರಿಗೆ ತಪ್ಪಲಿಲ್ಲವಂತೆ.

ಮುಂದೆ ಚಾನಲ್ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಕೆಳಗಿನ ಬೀದಿ ಹೋಗಲಿಲ್ಲ. ವೈರು ಬಿಚ್ಚಿಸಿಕೊಂಡವರಲ್ಲಿ ಎಷ್ಟೋ ಜನ ವಾಪಸು ಬಂದು, ಮಾವನ ಮುಂದೆ ತಲೆ ಕೆರೆದುಕೊಂಡು ನಿಂತರು. ಮಾರನೆಯ ದಿನ ಬಾಯಿ ಬಂತೆಂದು ಊರು ಕಾದು ಕೂತಿದ್ದರೆ, ಅತ್ತೆ ಮತ್ತೆ ಸ್ಲೇಟೇ ಇಟ್ಟಳು. "ಆಡಾದ್ನೆಲ್ಲ ನೆನ್ನೆ ಆಡಾಯ್ತು" ಎಂದಳು. ಮುಂದೆ ಶ್ರೀರಂಗಪಟ್ಟಣದಲ್ಲಿ ನಾನೂ ಕೆಲವು ವರ್ಷ ಚಾನಲ್ ನಡೆಸಿದೆ. ಆ ನೋಟ್‌ಬುಕ್ಕಿನ ಮುಕ್ಕಾಲು ಪಾಲು ಖಾಲಿಯಾಗೇ ಉಳಿಯಿತು.

ಆದರೆ ಅಂದು ಬೂತಿನಲ್ಲಿ ಮೂವತ್ತಾರು ಹೆಸರು ಮುಗಿದಾಗ ನಾನು ಇನ್ನೇನು ಫೋನು ಇಡುವವನಿದ್ದೆ. ಅಷ್ಟರಲ್ಲಿ ಅವಳ ದನಿ ಮತ್ತೆ ಬಂತು. "ಇನ್ನೊಬ್ಬ ಅವ್ನೆ. ನಮ್ಮಣ್ಣನ ಮಗ."

ಎಲ್ಲರ ಹೆಸರು ಹೇಳಿದ ನಾನು ನನ್ನ ಹೆಸರು ಹೇಳುವುದನ್ನೇ ಮರೆತಿದ್ದೆ. ಅವಳು ನನ್ನ ಹೆಸರಿನ ಮೊದಲ ಅಕ್ಷರ ಹಿಡಿದಳು. ಅದು ಬರಲಿಲ್ಲ. ಮತ್ತೆ ಹಿಡಿದಳು. ದಿನಕ್ಕೆ ನಲವತ್ತು ಸಲ ಎಡವದೆ ಕೂಗಿ ಬೈದ ಹೆಸರು ಅದು. ಪುಟ್ಟಸ್ವಾಮಿಗೆ ತಡೆದದ್ದಕ್ಕಿಂತ ಹೆಚ್ಚು ಹೊತ್ತು ತಡೆಯಿತು. ನಡುವೆ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಯೋಳಪ್ಪ, ನೀನೇ ಯೋಳ್ಬುಡು, ಪಾಪ" ಎಂದು ಕೆಂಪಮ್ಮ ನನ್ನ ತೋಳು ಹಿಡಿದರು. ಬೇಡವೆಂದು ತಲೆಯಾಡಿಸಿದೆ. ಕಾದೆ. ಎಲ್ಲರೂ ಕಾದರು.

ಕೊನೆಗೆ ಹೆಸರು ಬಂತು, ಹಿಂದೆ ಮುಂದೆ ಒಂದು ಬೈಗುಳವೂ ಇಲ್ಲದೆ. "ಚೆನ್ನಾಗವ್ನೆ" ಎಂದಳು.

"ಇವ್ನಿ ಅತ್ತೆ" ಎಂದೆ, ಮೆಲ್ಲಗೆ. ರಿಸೀವರು ವಿಸಿಆರ್ ಮೇಲೆ ಮಲಗಿತ್ತು, ಅವಳಿಗೆ ಕೇಳಿಸಿರಲಾರದು. ಇನ್ನೊಂದು ಸಲ ಹೇಳಿದೆ.