ಅಣ್ಣನ ಪಾಲಿನ ಬಿಳಿ ವೈನು

ನಾನು ಊರಿಗೆ ಬಾಟಲಿ ತಂದೆನೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ನಾನೂ ಅಣ್ಣನೂ ಕೂತು ಕುಡಿಯುವುದೊಂದನ್ನು ಬಿಟ್ಟು.

ಹುಟ್ಟಿದ್ದು ಹೊಳೆನರಸೀಪುರ. ಮದುವೆಯಾಗಿ ಹೋಗಿ ಮುದುಕಿಯಾಗಿದ್ದು ಆಸ್ಟ್ರಿಯಾದಲ್ಲಿ, ವಿಯೆನ್ನಾದಾಚೆಯ ಒಂದು ಹಳ್ಳಿಯಲ್ಲಿ. ಅಲ್ಲಿ ದ್ರಾಕ್ಷಿ ತೋಟದವರು ನಡೆಸುವ ಊಟದ ಮನೆಯಲ್ಲಿ ಬಹಳ ಕಾಲ ಅಡುಗೆ ಕೆಲಸ ಮಾಡಿದೆ. ಆ ಊರಿನವರು ದಿನವೂ ಕುಡಿಯುವುದು ಗ್ರೂನರ್ ವೆಲ್ಟ್‌ಲೀನರ್ ಎಂಬ ಬಿಳಿ ವೈನು. ತಣ್ಣಗಿರಬೇಕು, ಹೊಸದಿರುವಾಗಲೇ ಕುಡಿದು ಮುಗಿಸಬೇಕು. ಬಾಯಿಗಿಟ್ಟರೆ ನಿಂಬೆಯ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಕರಿಮೆಣಸಿನ ಚುರುಕು. ಅವರು ಕರಿದ ಮಾಂಸಕ್ಕೂ ಹಸಿರು ತರಕಾರಿಗೂ ಅದನ್ನು ಜೊತೆ ಮಾಡುತ್ತಾರೆ. ನನಗೆ ಮಾತ್ರ ಪ್ರತಿ ಗುಟುಕಿಗೂ ನಮ್ಮ ಕೈಮಾ ಉಂಡೆ, ಅವರೆಕಾಳು ಸಾರು ನೆನಪಾಗುತ್ತಿತ್ತು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ಅಣ್ಣನ ಎದುರು ಕೂತು ಒಂದು ಸಲ ಇದನ್ನು ಕುಡಿಯಬೇಕೆಂದು ನನಗೆ ಆಸೆ.

ತಣ್ಣಗಿಡುವ ತಾಪತ್ರಯ

ಮೊದಲ ಸಲ ತಂದಾಗ ಅತ್ತಿಗೆ ಫ್ರಿಜ್ಜಿಗೆ ಅಡ್ಡ ನಿಂತರು. ದೇವರ ಹಾಲಿನ ಪಕ್ಕ ಹೆಂಡ ಇಡಗೊಡುವುದಿಲ್ಲ ಎಂದರು. ಇದು ಬರೀ ದ್ರಾಕ್ಷಿ ಎಂದೆ. ಹಾಗಾದರೆ ದ್ರಾಕ್ಷಿಯನ್ನೇ ತಿನ್ನು ಎಂದರು. ಅಣ್ಣ ಅದನ್ನು ಪೇಪರಿನಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿನ ಹತ್ತಿರ ಸ್ನೇಹಿತನ ಸೋಡಾ ಅಂಗಡಿಯಲ್ಲಿ ಇಟ್ಟು ಬಂದ. ಸಂಜೆ ನಾನೂ ಜೊತೆಗೆ ಹೋದೆ. ಬಾಟಲಿ ಚೆನ್ನಾಗಿ ತಣ್ಣಗಾಗಿತ್ತು, ಖಾಲಿಯೂ ಆಗಿತ್ತು. ಅಂಗಡಿಯವನ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ, ಕನಿಕರವಿತ್ತು.

"ಕೆಟ್ಟೋಗಿತ್ತು ಕಣಕ್ಕ, ಹುಳಿ ಬಂದ್ಬುಟ್ಟಿತ್ತು. ಅಷ್ಟು ದೂರದಿಂದ ಬಂದಿದ್ದೀರಿ, ಕುಡ್ದು ಹೊಟ್ಟೆ ಕೆಡಿಸ್ಕೊಂಡೀರಿ ಅಂತ ನಾವೇ ಮುಗಿಸ್ಬುಟ್ಟೋ."

ಕಾಯಿ ರಾಶಿಯ ಹಿಂದೆ

ಮುಂದಿನ ಸಲ ಒಂದು ಬಕೆಟ್ಟು ಐಸು ತರಿಸಿದೆ, ಕೈಮಾ ಉಂಡೆಯನ್ನೂ ನಾನೇ ಮಾಡಿದೆ. ಆದರೆ ಅಣ್ಣ ತಂಗಿಯ ಎದುರು ಲೋಟ ಎತ್ತುವವನಲ್ಲ. ಅವನು ಕುಡಿಯುವುದು ಊರಿಗೆಲ್ಲ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ ಎಂಬುದು ಮನೆಯ ಕಟ್ಟುಪಾಡು. ಹಾಗಾಗಿ ಅವನ ಪಾಲು ಹಿತ್ತಲಿನ ಕಾಯಿ ರಾಶಿಯ ಹಿಂದಕ್ಕೆ ಹೋಯಿತು, ನನ್ನದು ಅಡುಗೆಮನೆಯಲ್ಲೇ ಉಳಿಯಿತು. ನಡುವೆ ಅತ್ತಿಗೆ ಮೂಗಿಗೆ ಸೆರಗು ಹಿಡಿದು ತಟ್ಟೆ ಸಾಗಿಸಿದರು. ವೈನು ಮೆಣಸಿನ ಸಾರು ತಣ್ಣಗಾದ ಹಾಗಿದೆಯಂತೆ, ಉಂಡೆಗೆ ಒಪ್ಪುತ್ತದಂತೆ ಎಂದು ಅವನ ಮಾತನ್ನೂ ತಂದು ಮುಟ್ಟಿಸಿದರು. ನಾನು ಗೋಡೆ ನೋಡುತ್ತ ಕುಡಿದೆ.

ಹೊರಡುವ ದಿನ ಅಣ್ಣ ಬಸ್ಸಿನ ಕಿಟಕಿಗೆ ಬಾಯಿಟ್ಟು ಹೇಳಿದ: "ಮುಂದಿನ ಸಲ ಎದ್ರುಬದ್ರು ಕೂತ್ಕಳಾನ ಕಣವ್ವ. ಈ ವಯಸ್ನಲ್ಲಿ ಯಾರೇನಂದಾರು. ನಿಮ್ಮತ್ತಿಗೆ ಅರಕಲಗೂಡಿಗೆ ತವರಿಗೋಗಿರೋ ಟೈಮ್ ನೋಡ್ಕಂಡು ಬಾ."

ಎಡೆ

ಮುಂದಿನ ಸಲಕ್ಕೆ ಅಣ್ಣ ಇರಲಿಲ್ಲ. ಎದೆನೋವೆಂದು ಹಾಸನದ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅವನ ಮಣ್ಣಿನ ಹೊತ್ತಿಗೆ ಬಂದು ಸೇರುವುದೂ ನನ್ನಿಂದಾಗಲಿಲ್ಲ. ಅವನಿಗೆಂದು ಎತ್ತಿಟ್ಟಿದ್ದ ಬಾಟಲಿ ಹಿಡಿದು ಪಿತೃಪಕ್ಷದ ಅಮಾವಾಸ್ಯೆಗೆ ಬಂದೆ.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲೆಂದು ಹೊರಗೆ ಕಾಯುವುದು ನಮ್ಮಲ್ಲಿ ಪದ್ಧತಿ. ಕೋಳಿ ಸಾರು, ಕೈಮಾ ಉಂಡೆ, ಬೀಡಿ ಕಟ್ಟು ಎಲ್ಲ ಬಂದವು. ನನ್ನ ಬಾಟಲಿ ಕಂಡು ದಾಯಾದಿಗಳು ತಕರಾರು ತೆಗೆದರು. ಅವನಿಗೆ ಬ್ರಾಂದಿಯೇ ಆಗಬೇಕು, ಈ ಹುಳಿನೀರು ನೋಡಿದರೆ ಬಂದ ದಾರಿಗೇ ಹೊರಟುಹೋಗುತ್ತಾನೆ ಎಂದರು. ಎರಡನ್ನೂ ಇಡಿ, ಬೇಕಾದ್ದು ಆರಿಸಿಕೊಳ್ಳಲಿ ಎಂದು ಅತ್ತಿಗೆ ತೀರ್ಪು ಕೊಟ್ಟರು.

ಲೋಟದ ತುಂಬ ನಾನೇ ಬಗ್ಗಿಸಿದೆ. ಎದುರುಬದುರು ಕೂರುವ ಮಾತು ಇಲ್ಲಿಗೆ ಬಂದು ನಿಂತಿತಲ್ಲ ಎನಿಸಿತು.

ಎಲ್ಲರೂ ಹೊರಗೆ ಬಂದೆವು. ದೀಪಕ್ಕೆ ಎಣ್ಣೆ ಹಾಕಿ ಬರುತ್ತೇನೆಂದು ಅತ್ತಿಗೆ ಒಳಗೇ ಉಳಿದು ಬಾಗಿಲು ಮುಂದೆ ಮಾಡಿಕೊಂಡರು. ಬಹಳ ಹೊತ್ತಾಯಿತು. ಅಳುತ್ತಿದ್ದಾರೇನೋ ಎಂದು ನಾನೊಬ್ಬಳೇ ಬಾಗಿಲು ಸರಿಸಿ ಒಳಗೆ ಹೋದೆ.

ಬ್ರಾಂದಿ ಇಟ್ಟ ಹಾಗೇ ಇತ್ತು. ನಾನು ತುಂಬಿಸಿದ ಲೋಟ ಬರಿದಾಗಿತ್ತು, ಎಲೆಯಲ್ಲಿ ಉಂಡೆಯೂ ಕಮ್ಮಿಯಾಗಿತ್ತು. ಅತ್ತಿಗೆಯ ಕಣ್ಣು ಅತ್ತು ಕೆಂಪಾಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ, ಲೋಟವನ್ನು ನನ್ನ ಕಡೆ ತಳ್ಳಿದರು.

"ನಿಮ್ಮಣ್ಣಂಗೆ ಹಿಡಿಸ್ತು ಕಣಮ್ಮ, ಇನ್ನೊಂದು ಲೋಟ ಬೇಕಂತೆ. ಬಾಗ್ಲಾಕ್ಬುಟ್ಟು ನೀನೂ ಕೂತ್ಕ."